ಮುನಿಯಮ್ಮನ ತವರು

ಮೈ ತೊಳೆಯುವಾಗ ಜಾರಿಬಿದ್ದಿದ್ದ ಕಾಲುಂಗುರವನ್ನು ದೊಡ್ಡರಂಗಪ್ಪ ಹೆಂಡತಿಯ ಬೆರಳಿಗೆ ಮತ್ತೆ ತೊಡಿಸುತ್ತಿದ್ದ. ಹೆಂಗಸರೆಲ್ಲ ಬಗ್ಗಿ ಹುಡುಕುತ್ತಿದ್ದಾಗ, ಅದು ಬಚ್ಚಲ ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು ಹಿಡಿದು, ಹೋಗಿ ಹೆಕ್ಕಿಕೊಂಡು ಬಂದವನು ಕಣ್ಣಿಲ್ಲದ ಅವನೇ.

"ತಾತ, ಈ ಕಡೆ ಬಾ. ಕುಂಕುಮ ಇಡ್ಬೇಕಂತೆ," ಎಂದು ಮೊಮ್ಮಗಳು ಭವ್ಯ ತೋಳು ಹಿಡಿದಳು.

"ಇಡ್ಲಿ ಬುಡವ್ವ. ನಾನು ಕಾಲ್ತಾವ ಕುಂತಿರ್ತೀನಿ."

ದೊಡ್ಡೇರಿ ಮಗ್ಗುಲಿನ ಆ ಪುಟ್ಟ ಊರು ಬೆಳಗ್ಗೆಯೇ ಅಂಗಳಕ್ಕೆ ಬಂದು ಕೂತಿತ್ತು. ಗಂಡನಿಗಿಂತ ಮೊದಲು ಹೋದಳು, ಪುಣ್ಯವಂತೆ ಎಂದು ಯಾರೋ ಅನ್ನುತ್ತಿದ್ದರು. ತಮಟೆಯವರು ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದ ಹೊಗೆ ದೊಡ್ಡರಂಗಪ್ಪನ ಮೂಗಿಗೆ ಬಡಿಯಿತು. ಚಟ್ಟ ಕಟ್ಟಿಯಾಗಿತ್ತು, ಹೊಲದಲ್ಲಿ ಗುಂಡಿ ತೋಡಿಯಾಗಿತ್ತು.

"ತವರಿನ ಸೀರೆ ಎಲ್ಲಪ್ಪಾ?" ಊರ ಹಿರಿಯ ಕದರಪ್ಪ ಕೇಳಿದ. "ಮುತ್ತೈದೆ ಅವಳು. ತವರಿನೋರು ಸೀರೆ ಹೊದಿಸ್ದೆ ಎತ್ತಂಗಿಲ್ಲ."

ಮಗ ಚಂದ್ರಶೇಖರ ದನಿ ತಗ್ಗಿಸಿದ. "ಗೌಡಗೆರೆಗೆ ಫೋನ್ ಮಾಡಿದ್ದೆ ದೊಡ್ಡಪ್ಪ. ಸೋದರಮಾವ ಯಾವತ್ತೋ ತೀರ್ಕಂಡವ್ನೆ. ಅವನ ಮಗ, ನಮಗೆ ಅಂಗೊಬ್ಬ ಅತ್ತೆ ಇದ್ಲು ಅಂತಾನೇ ಗೊತ್ತಿಲ್ಲ ಅಂದ್ಬುಟ್ಟ."

ಕದರಪ್ಪ ನಾಲಿಗೆ ಲೊಚಗುಟ್ಟಿದ್ದು ದೊಡ್ಡರಂಗಪ್ಪನಿಗೆ ಕೇಳಿಸಿತು. ಹೆಂಡತಿಯ ತಣ್ಣನೆಯ ಪಾದವನ್ನು ಅವನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡ.

*

ಅರವತ್ತು ವರ್ಷದ ಹಿಂದಿನ ಮಾತು. ಬೆಂಗಳೂರಿಗೆ ಮಣ್ಣು ಹೊರುವ ಕೂಲಿಗೆ ಹೋದ ವರ್ಷವೇ ಅವನಿಗೆ ಸಿಡುಬು ಎದ್ದಿತು. ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಊರಾಚೆಯ ಅಂಟುರೋಗದ ಆಸ್ಪತ್ರೆಗೆ ಸೇರಿಸಿದರು. ಉಟ್ಟ ಬಟ್ಟೆಯನ್ನು ಗೇಟಿನ ಹತ್ತಿರವೇ ಸುಟ್ಟರು. ನೆಂಟರಿಷ್ಟರಿಗೆ ಆ ಗೇಟಿನಿಂದ ಒಳಕ್ಕೆ ಪ್ರವೇಶವಿರಲಿಲ್ಲ. ಫಿನಾಯಿಲ್ ವಾಸನೆಯ ಉದ್ದನೆಯ ವಾರ್ಡು. ಮೈ ಅಂಟದಿರಲೆಂದು ಹಾಸಿಗೆಯ ಮೇಲೆ ಬಾಳೆಲೆ. ಕೆರೆದುಕೊಳ್ಳದಿರಲೆಂದು ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು. ರೆಪ್ಪೆಗಳು ಊದಿ ಮುಚ್ಚಿಹೋಗಿದ್ದವು.

ಮುನಿಯಮ್ಮ ಅದೇ ಕಾಯಿಲೆಯಿಂದ ಎದ್ದವಳು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂದು ಆಯಾಗಳು ಅವಳ ಕೈಗೆ ಗಂಜಿಯ ಬಕೆಟ್ಟು ಕೊಟ್ಟಿದ್ದರು. ಅಪ್ಪ ಅಮ್ಮ ಇಬ್ಬರನ್ನೂ ಆ ವಾರ್ಡಿನಲ್ಲೇ ಕಳೆದುಕೊಂಡಿದ್ದ ಕಮಲಾಕ್ಷಿ ಎಂಬ ಪುಟ್ಟ ಹುಡುಗಿ ಅವಳ ಸೆರಗು ಹಿಡಿದುಕೊಂಡೇ ತಿರುಗುತ್ತಿದ್ದಳು.

ಊತ ಇಳಿದು ರೆಪ್ಪೆ ಬಿಟ್ಟ ದಿನ ದೊಡ್ಡರಂಗಪ್ಪ ಕೇಳಿದ: "ಬೆಳಗಾಯ್ತಾ?"

ಮುನಿಯಮ್ಮ ಹಿಡಿದಿದ್ದ ಗಂಜಿಯ ಲೋಟ ಅವನ ತುಟಿಯ ಹತ್ತಿರವೇ ನಿಂತಿತು.

"ಇನ್ನಾ ಇಲ್ಲ. ಕತ್ಲೈತೆ. ಮಲಕ್ಕ."

ಹೊರಗೆ ಕಾಗೆಗಳು ಕೂಗುತ್ತಿದ್ದವು. ಕಿಟಕಿಯಿಂದ ಬಂದ ಬಿಸಿಲು ಅವನ ಎದೆಯ ಮೇಲೆ ಚುರುಗುಟ್ಟುತ್ತಿತ್ತು. ಅವನು ಸುಮ್ಮನೆ ತಲೆಯಾಡಿಸಿದ. ಸುಳ್ಳು ಹೇಳಿದವಳು ಉಸಿರು ಬಿಗಿಹಿಡಿದಿದ್ದಳು. ಅವಳಿಂದ ಇನ್ನೊಂದು ಸುಳ್ಳು ಹೇಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಹಾಗೆಯೇ ಕೆಲವು ದಿನ ಇಬ್ಬರೂ ಕತ್ತಲೆಂದೇ ನಡೆಸಿಕೊಂಡು ಹೋದರು. ಕೊನೆಗೆ ಅವನೇ ಅಂದ: "ಬೆಳಗಾಗೈತೆ ಅಂತ ನಂಗೊತ್ತು ಕಣಮ್ಮಿ. ನೀನು ಅಳಬ್ಯಾಡ."

ಅವಳ ಅಣ್ಣ ಒಮ್ಮೆ ಗೇಟಿನವರೆಗೂ ಬಂದಿದ್ದ. ತಂಗಿಯ ಮುಖ ನೋಡಿ, "ನಾಳೆ ಬತ್ತೀನಿ" ಎಂದು ಹೋದವನು ಬರಲೇ ಇಲ್ಲ. ಗೇಟಿಗೆ ಹೋಗಿ ಕಾಯುವುದನ್ನು ಅವಳು ಬಿಟ್ಟ ಮೇಲೆ ದೊಡ್ಡರಂಗಪ್ಪ ಕೇಳಿದ: "ನಮ್ಮೂರಿಗೆ ಬತ್ತೀಯಾ?"

"ನನ್ನ ಮುಖ ಹೆಂಗಾಗೈತೆ ಅಂತ ನಿಂಗೊತ್ತಿಲ್ಲ."

"ಇನ್ಮ್ಯಾಕೆ ಯಾರ ಮುಖಾನೂ ಗೊತ್ತಾಗಕಿಲ್ಲ ನಂಗೆ. ನಿನ್ನ ದನಿ ಗೊತ್ತಲ್ಲ."

ಮನೆಗೆ ಕಳಿಸುವ ದಿನ ಆಸ್ಪತ್ರೆಯವರು ಅವನಿಗೊಂದು ಪಂಚೆ, ಅವಳಿಗೊಂದು ಒರಟು ಸೀರೆ ಕೊಟ್ಟರು. ಅದನ್ನೇ ಉಟ್ಟುಕೊಂಡು ಮುನಿಯಮ್ಮ ಅವನಿಂದ ತಾಳಿ ಕಟ್ಟಿಸಿಕೊಂಡಳು. ಕಮಲಾಕ್ಷಿಯನ್ನು ಶಿರಾದ ಚಿಕ್ಕಪ್ಪ ಬಂದು ಕರೆದೊಯ್ದ. ದೊಡ್ಡವಳಾಗಿ ಮದುವೆಯಾದ ಮೇಲೂ ಅವಳು ಅಕ್ಕನನ್ನು ನೋಡಲು ಬರುವುದು ತಪ್ಪಿಸಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಅಂಗಳದ ಮುಂದೆ ಆಟೋ ನಿಂತಿತು. "ಅಕ್ಕಾ" ಎಂಬ ಒಂದೇ ಕೂಗಿಗೆ ದೊಡ್ಡರಂಗಪ್ಪ ತಲೆ ಎತ್ತಿದ.

ಕಮಲಾಕ್ಷಮ್ಮ ಬಂದು ಹೆಣದ ಮೇಲೆ ಬಿದ್ದು ಅತ್ತಳು. ಅತ್ತು ಸಾಕಾದ ಮೇಲೆ ಅವನ ಕೈ ಹಿಡಿದುಕೊಂಡಳು. "ಭಾವ, ಸೀರೆ ತಂದಿವ್ನಿ."

"ನೀನು ಬಂದು ಹೋಗೋದು ನೋಡಿವ್ನಿ. ಆದ್ರೆ ಯಾವ ಕಡೆ ಸಂಬಂಧ ತಾಯಿ?" ಕದರಪ್ಪ ಮೆತ್ತಗೇ ಕೇಳಿದ. "ತೆಪ್ಪು ತಿಳ್ಕಾಬ್ಯಾಡ. ನೀವು ಬ್ಯಾರೆ ಜನ. ತವರಿನ ಸೀರೆ ಅಂದ್ರೆ ಒಡಹುಟ್ಟಿದೋರು ತರಬೇಕು."

"ನಾವು ಒಂದೇ ವಾರ್ಡಿನೋರು," ಎಂದಳು ಕಮಲಾಕ್ಷಮ್ಮ. ಹೇಳಿದ ಮೇಲೆ ಅದು ಸಾಲದೆನಿಸಿ, "ನಮ್ಮವ್ವ ಸತ್ತ ದಿನದಿಂದ ಅಕ್ಕನ ತೊಡೆ ಮ್ಯಾಲೆ ಮಲಗ್ತಿದ್ದೆ," ಎಂದು ಸೇರಿಸಿದಳು.

ದೊಡ್ಡರಂಗಪ್ಪ ಮಂಚದ ಕಾಲು ಹಿಡಿದು ಎದ್ದು ನಿಂತ.

"ಕದರಪ್ಪಣ್ಣ, ಇವಳ ಮದ್ವೆಗೆ ಸೀರೆ ಕೊಟ್ಟಿದ್ದು ಯಾರು ಗೊತ್ತಾ? ಆಸ್ಪತ್ರೆ. ನಾನು ಹೆಣ್ಣು ತಂದಿದ್ದು ಗೌಡಗೆರೆಯಿಂದ ಅಲ್ಲ ಕಣಣ್ಣ, ಆಸ್ಪತ್ರೆಯಿಂದ. ಅದೇ ಇವಳ ತವರು. ಆ ಮನೇಲಿ ಈಗ ಉಳ್ದಿರೋಳು ಈ ಕಮಲಾಕ್ಷಿ ಒಬ್ಳೇ."

ಅಷ್ಟು ಉದ್ದದ ಮಾತನ್ನು ಅವನು ಊರವರ ಮುಂದೆ ಆಡಿದ್ದೇ ಇರಲಿಲ್ಲ. ಚಂದ್ರಶೇಖರ ಬಂದು ಅಪ್ಪನ ಬೆನ್ನಿಗೆ ಕೈಕೊಟ್ಟು ನಿಂತ. ಕದರಪ್ಪ ತಾನೇ ಬಗ್ಗಿ ಹೂವಿನ ಹಾರಗಳನ್ನು ಪಕ್ಕಕ್ಕೆ ಸರಿಸಿದ.

"ಹೊದಿಸಮ್ಮ. ಹೊತ್ತಾಯ್ತು."

ಸೀರೆಯ ಮಡಿಕೆ ಬಿಚ್ಚುವ ಸದ್ದಾಯಿತು. "ಯಾವ ಬಣ್ಣ ಕಮಲಾಕ್ಷಿ?" ದೊಡ್ಡರಂಗಪ್ಪ ಕೇಳಿದ.

"ಹಸಿರು, ಭಾವ."

"ಹಸಿರು ನಂಗೆ ನೆಪ್ಪೈತೆ," ಎಂದ ಅವನು.

*

ಹೊಲದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಗುದ್ದಲಿ ಹಿಡಿದವರು ಉಳಿದ ಮಣ್ಣನ್ನು ಎಳೆದು ದಿಬ್ಬ ಮಾಡಿದರು. "ಯಾರೂ ತಿರುಗಿ ನೋಡಬ್ಯಾಡ್ರಪ್ಪ, ನಡೀರಿ," ಎಂದು ಕದರಪ್ಪ ಜನರನ್ನು ಹೊರಡಿಸಿದ.

ದೊಡ್ಡರಂಗಪ್ಪ ಮಾತ್ರ ಮಂಡಿಯೂರಿ ಕೂತ. ಅಂಗೈಯಿಂದ ದಿಬ್ಬವನ್ನು ಸವರಿದ. ಗರಸು ಮಣ್ಣು, ಕೈಗೆ ಕಲ್ಲು ಸಿಕ್ಕಿತು. ಅದನ್ನು ತೆಗೆದು ಪಕ್ಕಕ್ಕಿಟ್ಟ. ಇನ್ನೊಂದು ಸಿಕ್ಕಿತು.

"ಅಪ್ಪ, ಏಳು. ಬಿಸಿಲು ಜಾಸ್ತಿ ಐತೆ."

"ತಡಿಯಲಾ. ಅವಳಿಗೆ ಒತ್ತುತ್ತವೆ."

ಕಮಲಾಕ್ಷಮ್ಮ ಬಂದು ಆಚೆ ಮಗ್ಗುಲಲ್ಲಿ ಕೂತು ತಾನೂ ಕಲ್ಲು ಹೆಕ್ಕತೊಡಗಿದಳು. ದಾರಿಗೆ ಹತ್ತಿದ್ದ ಜನ ಒಬ್ಬೊಬ್ಬರಾಗಿ ತಿರುಗಿ ನಿಂತರು. ಮುದುಕ ಕಾಲಿನ ಕಡೆಯಿಂದ ಶುರುಮಾಡಿ, ಮಣ್ಣನ್ನು ನುಣುಪು ಮಾಡಿಕೊಳ್ಳುತ್ತ, ಮಂಡಿಯ ಮೇಲೆಯೇ ಸರಿಯುತ್ತಿದ್ದ. ತಲೆಯ ಕಡೆ ಬಂದಾಗ ಅವನ ಕೈ ಮೆಲ್ಲಗಾಯಿತು.