ಚುಕ್ಕೆಗಳ ಜಾಗದಲ್ಲಿ ಬರೆದದ್ದು

ಅನುವಾದಕಿಯ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಕನ್ನಡಕ್ಕೆ ತಂದ ಫೋನಿನ ಆಟ ಬಿಡುಗಡೆಯಾಗುವ ಮುಂಚೆ ಅದನ್ನು ಹೊರಗಿನವರೊಬ್ಬರ ಕೈಗೆ ಕೊಟ್ಟು, ತುಟಿ ಬಿಚ್ಚದೆ ಪಕ್ಕದಲ್ಲಿ ಕೂತು, ಅವರು ಎಲ್ಲೆಲ್ಲಿ ತಡವರಿಸಿದರೆಂದು ಬರೆದುಕೊಳ್ಳಬೇಕು. ಈ ಸಲದ್ದು ಜಪಾನಿನ ಪ್ರೇಮಕಥೆ. ಪರದೆಯ ಮೇಲೆ ಚಿತ್ರ, ಅಡಿಯಲ್ಲಿ ಮಾತು; ಬೆರಳೊತ್ತಿದರೆ ಮುಂದಿನ ಸಾಲು. ವೈದ್ಯನ ಮಗಳು, ಅವಳು ಮನಸ್ಸು ಕೊಟ್ಟ ಸಮುರಾಯಿ ಯೋಧ, ಬಾಗಿಲಿಗೆ ಬಂದು ನಿಂತ ಯುದ್ಧ.

ಪಕ್ಕದ ಮನೆಯಾಕೆಗೆ ಕೊಡೋಣವೆಂದುಕೊಂಡಿದ್ದಳು. ಆದರೆ ಅಕ್ಕ ಫೋನು ಕಸಿದುಕೊಂಡೇಬಿಟ್ಟಳು. ಭಾನುವಾರ, ಮನೆ ಮುಂದಿನ ಅವಳ ಹೊಲಿಗೆ ಅಂಗಡಿಗೆ ರಜೆ.

"ಇವನಿಗೆ ಊಟ ತಿಂಡಿ ಏನೂ ಇಲ್ವೇನೇ? ಯಾವಾಗ ನೋಡಿದ್ರೂ ಹೂವಿನ ಮರದ ಕೆಳಗೆ ನಿಂತಿರ್ತಾನೆ! ಆ ಬಟ್ಟೆ ನೆರಿಗೆ ನೋಡು, ಯಾರೋ ಪುಣ್ಯಾತ್ಮರು ಕೂತು ಇಸ್ತ್ರಿ ಹಾಕಿರ್ಬೇಕು."

ಅನುವಾದಕಿ ನಗಲಿಲ್ಲ. ಅವಳಿಗೆ ಒಂದೇ ಒಂದು ಸಾಲಿನ ಭಯ. ಇನ್ನು ಸ್ವಲ್ಪ ಹೊತ್ತಿಗೆ ಆಟ ಕೇಳುತ್ತದೆ: ಅವನನ್ನು ತಡೆಯುವೆಯಾ, ಹೋಗಗೊಡುವೆಯಾ? 'ತಡೆಯುತ್ತೇನೆ' ಎಂದು ಒತ್ತಿದರೆ ಆ ಸಾಲು ಬರುವುದೇ ಇಲ್ಲ. ತಡೆಯೇ ಅಕ್ಕ, ದಮ್ಮಯ್ಯ, ತಡೆ.

"ತಡೆದ್ರೆ ನಿಲ್ಲೋ ಮುಖಾನಾ ಇದು?" ಎಂದು ಅಕ್ಕ 'ಹೋಗಗೊಡುತ್ತೇನೆ' ಒತ್ತಿದಳು.

ವೈದ್ಯನ ಮಗಳ ಮುಖ ಪರದೆ ತುಂಬ ಮೂಡಿತು. ಕೆಳಗೆ ಮಾತು: 'ನಿಮ್ಮ ಅಂಗಿತೋಳಿನ ಹೊಲಿಗೆ ಬಿಟ್ಟಿತ್ತು. ಹಾಕಿಕೊಡುತ್ತೇನೆ ಎಂದಿದ್ದರೆ ಇನ್ನೈದು ನಿಮಿಷ ನಿಲ್ಲುತ್ತಿದ್ದಿರೇನೋ. ಅಷ್ಟನ್ನೂ ಹೇಳದೆ ಉಳಿದೆ.'

ಅಕ್ಕನ ಬೆರಳು ಗಾಳಿಯಲ್ಲೇ ನಿಂತಿತು.

ಅಕ್ಕನಿಗೆ ನಿಶ್ಚಯವಾಗಿದ್ದ ಗಂಡು ಬಾಗಿಲವರೆಗೆ ಬಂದು, ಈ ಮದುವೆ ಬೇಡವೆಂದು ಹೇಳಿ ಹೋಗಿ ಹನ್ನೊಂದು ವರ್ಷ. ಆ ವಿಷಯವನ್ನು ಅಕ್ಕ ಆಡಿದ್ದು ಒಂದೇ ಸಲ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ, ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಾ, ತಲೆ ಎತ್ತದೆ. ಕೇಳಿಸಿಕೊಂಡವಳು ಈ ತಂಗಿಯೊಬ್ಬಳೇ.

ಅಕ್ಕ ಕೇಳಿದಳು. "ಅವರ ಭಾಷೇಲೂ ಹೀಗೇ ಇದೆಯಾ?"

ಮಾತಾಡಬಾರದೆಂಬ ನಿಯಮ ಅಡ್ಡವಿತ್ತು. ಆದರೂ ತಂಗಿ "ಹೂಂ" ಎಂದುಬಿಟ್ಟಳು.

"ಹಾಗಾದ್ರೆ ಅಷ್ಟು ದೂರದಲ್ಲೂ ಒಬ್ಬಳು ಇದ್ಲು ಅನ್ನು." ಅಕ್ಕನ ಮುಖ ಬಿಚ್ಚಿಕೊಂಡಿತು. "ನಾನೊಬ್ಬಳೇ ಪೆದ್ದಿ ಅಂದ್ಕೊಂಡಿದ್ದೆ ಕಣೇ."

ತಂಗಿಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಅಕ್ಕ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕದ್ದ ಮಾತನ್ನು ಕಳೆದುಕೊಂಡವಳಿಗೇ ಉಡುಗೊರೆಯೆಂದು ಕೊಟ್ಟು, ಅವಳು ಸಂತೋಷಪಡುವುದನ್ನು ನೋಡುತ್ತಾ ಕೂರುವುದು ಹೇಗೆ? ಸುಮ್ಮನಿದ್ದರೆ ಅಕ್ಕನಿಗೆ ಒಬ್ಬಳು ಜೊತೆಗಾತಿ ಉಳಿಯುತ್ತಾಳೆ. ಹೇಳಿದರೆ ಅವಳೂ ಹೋಗುತ್ತಾಳೆ. ಸುಮ್ಮನಿರಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲವೆಂದು ತೋರಿತು. ಆ ನೆಪದ ಒಳ್ಳೆಯತನಕ್ಕೇ ಅವಳಿಗೆ ಹೇಸಿಗೆಯಾಯಿತು.

"ಇಲ್ಲ ಅಕ್ಕ. ಅಲ್ಲಿ ಅವಳು ಏನೂ ಮಾತಾಡಲ್ಲ. ಬರೀ ಚುಕ್ಕೆ ಇದ್ವು. ಖಾಲಿ ಕಾಣುತ್ತೆ ಅಂತ ನಾನೇ ತುಂಬಿಸ್ದೆ."

ಅಕ್ಕ ಫೋನನ್ನು ನಿಧಾನವಾಗಿ ಮೇಜಿನ ಮೇಲೆ ಮಗುಚಿಟ್ಟಳು.

"ಎಷ್ಟು ಚುಕ್ಕೆ?"

"ಆರು."

"ಅಷ್ಟೇ ಸಾಕಿತ್ತಲ್ಲೇ."

"ಇವತ್ತೇ ತೆಗೀತೀನಿ."

"ತೆಗಿ. ಯಾರ್ಯಾರು ಓದಿದ್ದಾರೆ?"

"ಆಫೀಸಲ್ಲಿ ಎಲ್ಲರೂ."

"ಚೆನ್ನಾಗಿದೆ ಅಂದ್ರಾ?"

ಚೆನ್ನಾಗಿದೆ ಎಂದಷ್ಟೇ ಅಲ್ಲ, ಮುಖ್ಯಸ್ಥರು ಎದ್ದು ನಿಂತು ಗಟ್ಟಿಯಾಗಿ ಓದಿದ್ದರು, ಒಬ್ಬಾಕೆ ಕಣ್ಣೊರೆಸಿಕೊಂಡಿದ್ದಳು. ಇದೆಲ್ಲಿ ಸಿಕ್ತು ನಿನಗೆ ಎಂದು ಬೆನ್ನು ತಟ್ಟಿದ್ದರು. ತಂಗಿ ಹೌದೆಂದು ತಲೆಯಾಡಿಸಿದಳು.

"ನೀನೇನಂದೆ?"

ಸುಳ್ಳು ಹೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಸುಮ್ನೆ ಹಾಗೇ ಹೊಳೀತು ಅಂದೆ."

ಅಕ್ಕ ಅವಳನ್ನೇ ನೋಡಿದಳು, ಅಳತೆ ಕೊಡಲು ಬಂದ ಅಪರಿಚಿತರನ್ನು ನೋಡುವ ಹಾಗೆ. ಆಮೇಲೆ ಎದ್ದು ಹೋಗಿ, ರಜೆಯ ದಿನವಾದರೂ ಅಂಗಡಿಯ ಬಾಗಿಲು ತೆರೆದಳು.