ಮಣ್ಣು ಕೊಡುವವರು

ಊರ ಅಗಸಿಬಾಗಿಲು ದಾಟುತ್ತಿದ್ದ ಚಟ್ಟದ ಹಿಂದಿನ ಬಿದಿರನ್ನು ರೇವವ್ವ ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಹೊತ್ತಿದ್ದ ನಾಲ್ವರೂ ಕೆಸರಿನಲ್ಲಿ ಜಾರಿ, ಒಬ್ಬರಿಗೊಬ್ಬರು ಹಾಯ್ದು ನಿಂತರು. ಮೇಲಿದ್ದ ಕೆಂಚವ್ವ ಮಾತ್ರ ಸುಮ್ಮನೆ ಮಲಗಿದ್ದಳು. ಬದುಕಿದ್ದಾಗ ಆಕೆ ಹಾಗೆ ಸುಮ್ಮನೆ ಮಲಗಿದ್ದನ್ನು ಯರಗುಪ್ಪಿಯಲ್ಲಿ ಕಂಡವರೇ ಇರಲಿಲ್ಲ.

“ಏನ ರೇವವ್ವಾರ ಇದು? ಹೆಣಾ ಕೆಡವತೀರೇನ?” ಮುಂದೆ ಹೋಗುತ್ತಿದ್ದ ಬೀರಲಿಂಗಪ್ಪ ಹೊರಳಿ ಬಂದ. ಕೆಂಚವ್ವನ ಗಂಡನ ಬೆಡಗಿನ ಹಿರಿಯ ಆತ. ಒಂದು ಬೆಡಗಿನವರೆಂದರೆ ಅಣ್ಣತಮ್ಮಂದಿರಿದ್ದಂತೆ. ಸಾವಿನ ಯಜಮಾನಿಕೆ ಅವರದೇ.

“ನಾವೂ ಬರ್ತೀವಿ,” ಎಂದಳು ರೇವವ್ವ.

“ಎಲ್ಲಿಗೆ?”

“ಮಣ್ಣಿಗೆ.”

ಅವಳ ಹಿಂದೆ ಇನ್ನೂ ಹತ್ತು ಹೆಂಗಸರಿದ್ದರು. ಸುದ್ದಿ ಕೇಳಿ ಹೊಲದಿಂದಲೇ ಎದ್ದು ಬಂದವರು, ಮೊಣಕಾಲುತನಕ ಕರಿ ಕೆಸರು.

“ಹೆಣ್ಮಕ್ಕಳು ಅಗಸಿ ದಾಟೂದಿಲ್ಲ, ನಿಮಗ ಗೊತ್ತಿಲ್ಲದ್ದೇನಲ್ಲ. ಅದರಾಗ ನೀವು ಮಠದ ಓಣಿಯವರು. ನಮ್ಮ ಮಂದಿ ಅಲ್ಲ.”

“ಹಂಗಾರ ನಿಮ್ಮ ಮಂದಿ ಯಾರು?”

ಬೀರಲಿಂಗಪ್ಪ ಕೈ ತೋರಿಸಿದ. ಕುಂದಗೋಳದ ಬಸ್ಸಿನಿಂದ ಆಗಷ್ಟೇ ಇಳಿದ ಇಪ್ಪತ್ತೆರಡು ಮಂದಿ ಬೀಗರು, ಬಿಳಿ ರುಮಾಲು ಸುತ್ತಿಕೊಂಡು, ಕೆಸರಿಗೆ ಹೆದರಿ ಕಲ್ಲಿನ ಮೇಲೆ ಕೊಕ್ಕರೆಯಂತೆ ನಿಂತಿದ್ದರು.

“ಅವರು ಕೆಂಚವ್ವನ ಮಾರಿ ಯಾವಾಗ ನೋಡ್ಯಾರ?”

“ನೋಡಿದ್ರೇನು, ಬಿಟ್ರೇನು? ಬೀಗತನ ಐತಿ.”

ಅಷ್ಟರಲ್ಲಿ ರುಮಾಲಿನವನೊಬ್ಬ ಪಕ್ಕದವನ ಕಿವಿಯಲ್ಲಿ, “ಸತ್ತಾಕಿ ಹೆಸರ ಏನಂದ್ರಿ?” ಎಂದು ಕೇಳಿದ. ರೇವವ್ವನ ಹಿಂದೆ ನಿಂತು ಕೇಳಿಸಿಕೊಂಡ ಮೀರಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳೋ ನಕ್ಕಳೋ, ದೇವರೇ ಬಲ್ಲ.

* * *

ಹದಿನೈದು ವರ್ಷದ ಹಿಂದೆ ರೇವವ್ವನ ಗಂಡ ತೀರಿ ಮೂರು ತಿಂಗಳಾಗಿತ್ತು. ಭಾವಂದಿರ ಮನೆಯಲ್ಲಿ ಕೂತು ಉಣ್ಣುವುದು ಬೇಡವೆಂದು, ಮುಖ ಮುಚ್ಚುವಷ್ಟು ಸೆರಗೆಳೆದು, ಕೆಂಚವ್ವನ ಕಳೆ ತೆಗೆಯುವ ಗುಂಪಿಗೆ ಬಂದಳು. ಅಲ್ಲಿಯತನಕ ಈಕೆ ಎತ್ತಿದ್ದ ಎಲ್ಲಕ್ಕಿಂತ ಭಾರದ ವಸ್ತುವೆಂದರೆ ತುಪ್ಪದ ಚಮಚ ಎಂದು ಕೆಂಚವ್ವ ಆಮೇಲೆ ಊರೆಲ್ಲ ಸಾರಿದಳು.

ಮೆಣಸಿನಗಿಡದ ಹೊಲ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬದು ಮುಟ್ಟಿದ್ದರು. ರೇವವ್ವ ನಟ್ಟನಡುವೆ, ಅಂಗೈಯಲ್ಲಿ ಅವರೆಕಾಳಿನಷ್ಟು ಬೊಬ್ಬೆ. ತಲೆ ಎತ್ತಿ ನೋಡಿದರೆ, ಅವಳ ಸಾಲಿನ ಆ ತುದಿಯಿಂದ ಎಲ್ಲ ಹೆಂಗಸರೂ ಬಗ್ಗಿ ಕಳೆ ಕೀಳುತ್ತ ಅವಳ ಕಡೆಗೇ ಬರುತ್ತಿದ್ದಾರೆ. ಮುಂದೆ ಕೆಂಚವ್ವ.

“ನಾಳಿಂದ ನಾ ಬರೂದಿಲ್ಲ,” ಎಂದಳು ರೇವವ್ವ, ಅಳುತ್ತ.

“ಬರದಿದ್ರ ಬಿಡು. ಒಬ್ಬಾಕಿ ಸಾಲು ಉಳದ್ರ ನಮ್ಮಾಗ ಯಾರೂ ಬುತ್ತಿ ಬಿಚ್ಚೂದಿಲ್ಲ, ಇದನ್ನ ಮುಗಿಸಿ ಅಳು. ಸಾವಕ್ಕನ ಹೊಟ್ಟಿ ಧಾರವಾಡಕ್ಕ ಕೇಳೂಹಂಗ ಗುಡಗಾಕತ್ತೈತಿ.”

“ನಾ ನಿಮ್ಮ ಪೈಕಿ ಅಲ್ಲಲ್ಲ...”

“ಎಷ್ಟನೇ ಸಾಲಿನಾಕಿ ನೀ?”

“ಏಳನೇದು.”

“ಮತ್ತ? ಏಳನೇ ಸಾಲಿನಾಕಿ ನಮ್ಮಾಕಿ ಅಲ್ಲದ ಯಾರಾಕಿ?”

ಬೀರಲಿಂಗಪ್ಪ ಊರನ್ನು ಬೆಡಗಿನಿಂದ ಬಲ್ಲ. ರೇವವ್ವನ ಭಾವಂದಿರು ಓಣಿಯಿಂದ ಬಲ್ಲರು. ಕೆಂಚವ್ವನಿಗೆ ಸಾಲು ಬಿಟ್ಟರೆ ಬೇರೆ ಲೆಕ್ಕ ಗೊತ್ತಿರಲಿಲ್ಲ.

ಹೋದ ಸೋಮವಾರ ಅದೇ ಕೆಂಚವ್ವ ಕೌದಿಯೊಳಗೆ ಮುದುಡಿ ಮಲಗಿದ್ದಳು. ರೇವವ್ವ ಗಂಜಿ ಕುಡಿಸುತ್ತಿದ್ದಳು.

“ಹೊಟ್ಟಿಲೆ ಹುಟ್ಟಿದ್ದು ಒಂದೂ ಇಲ್ಲ. ನನಗ ಮಣ್ಣು ಯಾರ ಕೊಡ್ತಾರಬೇ?”

“ನಾವು ಕೊಡ್ತೀವಿ.”

“ಹೆಣ್ಮಕ್ಕಳನ್ನ ಬಿಡೂದಿಲ್ಲ ಅವರು.”

“ಮೊದಲ ನೀ ಸಾಯಿ. ಆಮ್ಯಾಲೆ ನೋಡೂಣು.”

ಕೆಂಚವ್ವ ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ರೇವವ್ವನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿಯೇ ಇತ್ತು. “ಹನ್ನೊಂದೂ ಮಂದಿ ಬೇ. ಒಬ್ಬಾಕಿ ಕಡಿಮಿ ಆದ್ರ ಎದ್ದ ಕೂಡತೀನಿ ನೋಡು.”

* * *

ಸುದ್ದಿ ಮುಟ್ಟಿ ರೇವವ್ವನ ಮಗ ಮಡಿವಾಳೆಪ್ಪ ಅಗಸಿಗೆ ಓಡಿಬಂದ. “ಅವ್ವಾ, ಮನಿಗೆ ನಡಿ. ಓಣ್ಯಾಗ ಮಂದಿ ಏನಂದಾರು?”

“ಓಣಿಗೆ ಬಾಯಿ ಐತಿ, ಅಂತೈತಿ. ನೀ ಬಾಜೂಕ ಸರಿ.”

ಬೀಗರು ನೋಡುತ್ತಿದ್ದರು. ಬೀರಲಿಂಗಪ್ಪನಿಗೆ ಒಂದು ಉಪಾಯ ಹೊಳೆಯಿತು. ಮೀಸೆ ತೀಡಿ, ಎಲ್ಲರಿಗೂ ಕೇಳುವಂತೆ ಹೇಳಿದ: “ಆತ್ರಿ, ಬರ್ರಿ. ಆದ್ರ ಮಣ್ಣು ಕೊಟ್ಟವರು ಸತ್ತವರ ಮಂದಿ. ಸತ್ತವರ ಮಂದಿಗೆ ಸೂತಕ. ಇವತ್ತ ನಿಮ್ಮ ನಿಮ್ಮ ಮನ್ಯಾಗ ಒಲಿ ಹಚ್ಚೂಹಂಗಿಲ್ಲ. ಹಿಡೀತೀರೇನ ಸೂತಕ?”

ಇನ್ನು ಇವರು ತಿರುಗಿ ಹೋದರೆಂದೇ ಅವನ ಎಣಿಕೆ. ಗಂಡಂದಿರನ್ನು ಉಪವಾಸ ಕೆಡಹುವ ಧೈರ್ಯ ಯಾವ ಹೆಣ್ಣಿಗಿದ್ದೀತು?

“ಅವ್ವಾ, ನಮ್ಮ ಮಂದಿಗೆ ಸೂತಕಾನ ಇಲ್ಲ!” ಮಡಿವಾಳೆಪ್ಪ ಕೂಗಿದ. “ಅಪ್ಪ ಹೋದಾಗೂ ನಾವು ಹಿಡೀಲಿಲ್ಲ.”

“ನಿಮ್ಮಪ್ಪಗ ಹಿಡೀದಿದ್ದು ಹಂಗ ಉಳದೈತಿ. ಇವತ್ತ ಹಿಡೀತೀನಿ.”

ಮೀರಾಬಿ ಮುಂದೆ ಬಂದಳು. “ನಮ್ಮಲ್ಲಿ ಸತ್ತವರ ಮನ್ಯಾಗ ಮೂರು ದಿನ ಒಲಿ ಹಚ್ಚೂದಿಲ್ಲ ಕಾಕಾ. ನಿಮಗ ಒಂದ ದಿನ ಸಾಕಂದ್ರ ನಿಮ್ಮ ಖುಷಿ.”

ಗುಂಪಿನ ನಡುವಿನಿಂದ ಬೀರಲಿಂಗಪ್ಪನ ಹೆಂಡತಿ ಸಾವಕ್ಕನ ದನಿ ಬಂತು. “ಇವರನ್ನ ಕೇಳ್ರೆವಾ, ನನಗ ಎರಡು ಸೂತಕ ಬರ್ತಾವೇನು? ಬೆಡಗಿಂದೊಂದು, ಸಾಲಿಂದೊಂದು.”

ಹೊತ್ತವರೊಳಗೊಬ್ಬ ಕಿಸಕ್ಕನೆ ನಕ್ಕ. ಬೀರಲಿಂಗಪ್ಪನ ಮುಖ ಅವನ ಹೊಲದ ಮೆಣಸಿನಕಾಯಿಗಿಂತ ಕೆಂಪಾಯಿತು. ಆದರೆ ಇಪ್ಪತ್ತೆರಡು ರುಮಾಲುಗಳ ಮುಂದೆ ಆಡಿದ ಮಾತು. ನುಂಗುವುದು ಹೇಗೆ?

“ನಡೀರಿ,” ಎಂದ, ನೆಲ ನೋಡುತ್ತ.

ರೇವವ್ವ ಬಿದಿರಿನಿಂದ ಕೈ ಬಿಟ್ಟಳು.

ಕುಣಿಯ ಬಳಿ ಗಂಡಸರದೆಲ್ಲ ಮುಗಿಯಿತು. ಆಮೇಲೆ ಹೆಂಗಸರು ಒಬ್ಬೊಬ್ಬರೇ ಬಗ್ಗಿ ಹಿಡಿ ಮಣ್ಣು ಹಾಕಿದರು. ಶ್ರಾವಣದ ಎರೆಮಣ್ಣು, ಕೊಡವಿದರೂ ಅಂಗೈ ಬಿಡದು. ಆ ಮಣ್ಣನ್ನೇ ಕೆಂಚವ್ವ ಮೂವತ್ತು ವರ್ಷ ಉಗುರಿನಿಂದ ಕೆರೆದಿದ್ದಳು. ಕುಂದಗೋಳ ತಾಲೂಕನ್ನು ಒಬ್ಬಳೇ ಮೂರು ಸಲ ಮಗುಚಿ ಹಾಕುವಷ್ಟು. ರೇವವ್ವ ಬಾಯಲ್ಲೇ ಎಣಿಸುತ್ತಿದ್ದಳು. ಎಂಟು. ಒಂಬತ್ತು. ಮೀರಾಬಿ ಹತ್ತು. ಕೊನೆಗೆ ತಾನೇ ಬಗ್ಗಿದಳು.

“ಹನ್ನೊಂದಾತು ಬೇ. ಇನ್ನ ಮಲಕೋ.”

* * *

ಮಣ್ಣಾದ ದಿನ ಸತ್ತವರ ಮನೆಗೆ ಬುತ್ತಿ ತರುವುದು ಸೂತಕವಿಲ್ಲದ ಅಕ್ಕಪಕ್ಕದವರ ಕೆಲಸ. ಹಳ್ಳದಲ್ಲಿ ಮಿಂದು ಬಂದ ಬೀಗರು ಕೆಂಚವ್ವನ ಮನೆಯ ಮುಂದೆ ಕುಳಿತು ಓಣಿಯ ತಿರುವನ್ನೇ ನೋಡುತ್ತಿದ್ದರು. ಹೊತ್ತು ಇಳಿಯಿತು. ಬುತ್ತಿಯ ಬುಟ್ಟಿ ಕಾಣಲಿಲ್ಲ. ಎಂದೂ ಆ ಹನ್ನೊಂದು ಮನೆಯವರೇ ಒಯ್ಯುವ ರೂಢಿಯಾಗಿ, ಊರಿನ ಉಳಿದವರು ನಿಶ್ಚಿಂತೆಯಿಂದ ತಮ್ಮ ಪಾಡಿಗೆ ಉಂಡು ಕೂತಿದ್ದರು.

ಎದುರುಗಡೆ ಕಟ್ಟೆಯ ಮೇಲೆ ಹನ್ನೊಂದು ಹೆಂಗಸರೂ ಒದ್ದೆ ಕೂದಲು ಹರವಿ ಕುಳಿತಿದ್ದರು. ಬೀರಲಿಂಗಪ್ಪ ಹೆಂಡತಿಯ ಬಳಿ ಬಂದು ದನಿ ತಗ್ಗಿಸಿದ. “ಯಾರರೆ ಬುತ್ತಿ ತರಾಕ ಹೋಗ್ಯಾರೇನ?”

“ಯಾರ ತರ್ತಾರ್ರಿ? ಸೂತಕ.”

“ರೇವವ್ವಾರ ಮನಿ?”

“ಸೂತಕ.”

“ಸಾಬರ ಓಣಿ?”

“ಮೂರ ದಿನಾ, ಕಾಕಾ,” ಎಂದಳು ಮೀರಾಬಿ.

“ಮಂದಿ ಹಸದ ಕುಂತಾರಲೇ...”

“ಮಣ್ಣು ಕೊಟ್ಟ ನಮಗ ಸೂತಕ, ನಮ್ಮ ಗಂಡಸರಿಗಲ್ಲ; ನೀವು ಬ್ಯಾಡಂದದ್ದೂ ಮನ್ಯಾಗಿನ ಒಲಿ, ಓಣ್ಯಾಗಿಂದಲ್ಲ. ಗಂಡಸರಿಗೆ ಕೈ ಇಲ್ಲೇನ್ರಿ ಅಣ್ಣಾರ?” ಎಂದಳು ರೇವವ್ವ.

ಮೀರಾಬಿಯ ಗಂಡ ನಬೀಸಾಬ ಹೋಗಿ, ಕರು ಮುಳುಗುವಷ್ಟು ದೊಡ್ಡ ಪಾತೇಲಿ ಹೊತ್ತು ತಂದ. ಮಡಿವಾಳೆಪ್ಪ ಗೊಣಗುತ್ತಲೇ ಅಕ್ಕಿಚೀಲ ತಂದ. ಓಣಿಯ ನಡುವೆ ಮೂರು ಕಲ್ಲು ಹೂಡಿದರು. ಅನ್ನ ಯಾರ ಕೈಯದೆಂದು ಬೀಗರಲ್ಲಿ ಯಾರೂ ಕೇಳಲಿಲ್ಲ. ಕೇಳುವಷ್ಟು ತ್ರಾಣ ಉಳಿದಿರಲಿಲ್ಲ.

ಹತ್ತಿಕಟ್ಟಿಗೆ ಮಳೆಗೆ ನೆನೆದಿತ್ತು. ನಬೀಸಾಬ ಅರ್ಧ ಪೆಟ್ಟಿಗೆ ಕಡ್ಡಿ ಗೀರಿದ. ಮಡಿವಾಳೆಪ್ಪ ಚಿಮಣಿ ಎಣ್ಣೆ ಸುರಿದ. ಭಗ್ಗನೆ ಎದ್ದ ಉರಿ ಅವನ ಹುಬ್ಬು ಸುಟ್ಟು ಆರಿಹೋಯಿತು.

“ಬಾಯಿ ಸನೇಕ ಒಯ್ದು ಊದಬೇಕು!” ಕಟ್ಟೆಯ ಮೇಲಿನಿಂದ ಸಾವಕ್ಕ ಹೇಳಿದಳು. ಯಾರೂ ಏಳಲಿಲ್ಲ.

ಬೀರಲಿಂಗಪ್ಪ ಅತ್ತ ಬೀಗರನ್ನು ನೋಡಿದ, ಇತ್ತ ಹೆಂಗಸರನ್ನು ನೋಡಿದ. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೆಸರಿನಲ್ಲಿ ಮೊಣಕಾಲೂರಿದ. ನಬೀಸಾಬ ಸರಿದು ಜಾಗ ಮಾಡಿದ. ಮೂರೂ ತಲೆ ಒಂದೇ ಒಲೆಯ ಬಾಯಿಗೆ ಬಗ್ಗಿದವು. ಹೊಗೆ ಎದ್ದು ಮೂವರ ಕಣ್ಣಲ್ಲೂ ನೀರು ಇಳಿಯಿತು, ಒಬ್ಬರ ಗಡ್ಡಕ್ಕೆ ಇನ್ನೊಬ್ಬರ ಬೂದಿ ಹಾರಿತು, ಗಲ್ಲ ಉಬ್ಬಿಸಿ ಮತ್ತೆ ಒಟ್ಟಿಗೆ ಊದಿದರು.