ನಾಶಪಡಿಸಲಾಗಿದೆ ಎಂದು ಬರೆದ ಪೊಟ್ಟಣಗಳು

ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಒಣಗಿಸಿ, ಪುಡಿ ಮಾಡಿ, ಪೊಟ್ಟಣಕ್ಕೆ ತುಂಬುವ ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಹೊರಗಿನವರು ಪ್ರೋಬಯಾಟಿಕ್ ಎನ್ನುತ್ತಾರೆ. ನಾವು ಒಳಗಿನವರು 'ಮಂದಿ' ಎನ್ನುತ್ತೇವೆ. "ಇವತ್ತಿನ ಬ್ಯಾಚಲ್ಲಿ ಮಂದಿ ಎಷ್ಟಮ್ಮಾ?" ಎಂದು ಕೇಳಿದರೆ ಲೆಕ್ಕ ಹೇಳಬೇಕಾದವಳು ನಾನು. ಪುಡಿಯನ್ನು ಉಪ್ಪುನೀರಿನಲ್ಲಿ ಕದಡಿ, ಗಾಜಿನ ತಟ್ಟೆಯ ಮೇಲೆ ಹರಡಿ, ಮೂರು ದಿನ ಬೆಚ್ಚಗಿಟ್ಟು, ಮೂಡಿದ ಬಿಳಿ ಚುಕ್ಕೆಗಳನ್ನು ಎಣಿಸುತ್ತೇನೆ. ಒಮ್ಮೆ ಎಣಿಸಿದ್ದನ್ನು ಇನ್ನೊಮ್ಮೆ ಎಣಿಸುತ್ತೇನೆ. ಬಸ್ ಸ್ಟಾಪಿನಿಂದ ವಾಪಸ್ ಹೋಗಿ ಕಪಾಟಿನ ಬಾಗಿಲು ಎಳೆದು ನೋಡಿದ್ದೂ ಉಂಟು.

ಪ್ರತಿ ಬ್ಯಾಚಿನ ಕೆಲವು ಪೊಟ್ಟಣಗಳನ್ನು ಎರಡು ವರ್ಷ ತಂಪು ಕಪಾಟಿನಲ್ಲಿ ಕಾಪಿಡಬೇಕು. ಅವಕ್ಕೆ ಡಬ್ಬಿ ಇಲ್ಲ, ಚೀಟಿ ಇಲ್ಲ. ಬರೀ ಬೆಳ್ಳಿ ಬಣ್ಣದ ಹಾಳೆ, ಮೇಲೆ ನನ್ನ ಕೈಬರಹದ ಸಂಖ್ಯೆ. ಅವಧಿ ಮುಗಿದ ಮೇಲೆ ಉಳಿದವನ್ನು ಹಬೆಯಲ್ಲಿಟ್ಟು ಕೊಂದು, ಪುಸ್ತಕದಲ್ಲಿ 'ನಾಶಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಬೇಕು. ಒಂಬತ್ತು ವರ್ಷ ಹಾಗೆಯೇ ಮಾಡಿದ್ದೆ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಾಗ ಮೊದಲು ಪರೀಕ್ಷೆಗೆ ಹೋದವಳು ನಾನು. ನನ್ನದು ಹೊಂದಲಿಲ್ಲ, ಭಾವನದು ಹೊಂದಿತು. ಆಪರೇಷನ್ ಆಗಿ ಮನೆಗೆ ಬಂದ ಅಕ್ಕ, "ಇವರ ಕಿಡ್ನಿ ಬಂದಮೇಲೆ ನನಗೂ ಗೊರಕೆ ಶುರುವಾಗಿದೆ ಕಣೇ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ಒಡಹುಟ್ಟಿದವಳಾಗಿ ನಾನು ಕೊಟ್ಟಿದ್ದೇನು ಎಂಬುದು ಒಳಗೊಳಗೇ ಕೊರೆಯುತ್ತಿತ್ತು.

ಆಗ ನಾನು ಜೀವಶಾಸ್ತ್ರದ ಸಂಜೆ ತರಗತಿಗೆ ಹೋಗುತ್ತಿದ್ದೆ. ಮೇಷ್ಟ್ರು ಒಂದು ಸಂಜೆ ಕರುಳಿನ ಚಿತ್ರ ಬರೆದರು. ದೇಹದ ಕಾವಲು ಕೋಶಗಳಲ್ಲಿ ಬಹುಪಾಲು ಬೀಡುಬಿಟ್ಟಿರುವುದು ಈ ಗೋಡೆಯ ಸುತ್ತಲೇ. ಒಳ್ಳೆಯ ಬ್ಯಾಕ್ಟೀರಿಯಾಗಳು ಜಾಗ ಹಿಡಿದು ಕೂತರೆ ಕೆಟ್ಟವಕ್ಕೆ ಕಾಲಿಡಲು ಎಡೆ ಸಿಗುವುದಿಲ್ಲ. ಯಾರು ನೆಂಟ, ಯಾರು ಕಳ್ಳ ಎಂದು ಕಾವಲಿನವರಿಗೆ ಗುರುತು ಕಲಿಸುವುದರಲ್ಲೂ ಅವುಗಳ ಕೈ ಇದೆ ಎಂದರು. ನಾನು ಬರೆದುಕೊಂಡೆ, ಎರಡು ಗೆರೆ ಎಳೆದೆ. ಹೊಸ ಕಿಡ್ನಿಯನ್ನು ದೇಹ ಹೊರದೂಡದಿರಲೆಂದು ಅಕ್ಕನ ಕಾವಲನ್ನು ಮಾತ್ರೆ ಕೊಟ್ಟು ಮಂಕು ಮಾಡಿದ್ದರು. ಪಾಪ, ಅವಳಿಗೆ ಮಂದಿ ಬೇಕು ಅಂದುಕೊಂಡೆ.

ಆ ತಿಂಗಳು ಅವಧಿ ಮುಗಿದ ಮೂವತ್ತು ಪೊಟ್ಟಣಗಳನ್ನು ನಾನು ಹಬೆಗೆ ಹಾಕಲಿಲ್ಲ. ಪುಸ್ತಕದಲ್ಲಿ ಸಹಿ ಹಾಕಿ, ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ದಿನಾ ಸಂಜೆ ಅಕ್ಕನಿಗೆ ಬಾಳೆಹಣ್ಣು ಕಿವುಚಿ ಕೊಡುವಾಗ ಒಂದೊಂದು ಬೆರೆಸಿದೆ. ಹೇಳಿದರೆ ಡಾಕ್ಟರನ್ನು ಕೇಳೋಣ ಅಂತಾಳೆ, ಕೇಳಿದರೆ ಎಲ್ಲಿಂದ ತಂದೆ ಅಂತಾರೆ. ಅದಕ್ಕೇ ಹೇಳಲಿಲ್ಲ.

ಇಪ್ಪತ್ತಾರನೇ ದಿನ ಅಕ್ಕನಿಗೆ ಚಳಿಜ್ವರ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ನಾವು ಬರೆದುಕೊಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ತಗೊಂಡಿದ್ದಾರಾ?"

"ಏನೂ ಇಲ್ಲ ಡಾಕ್ಟರೇ," ಎಂದ ಭಾವ. "ನೀರು ಕುಡಿಯೋಕೂ ನನ್ನ ನಾದಿನಿ ಗಡಿಯಾರ ನೋಡ್ತಾಳೆ. ಅವಳಿದ್ದಾಳಲ್ಲ ಅಂತ ನಾನು ನಿಶ್ಚಿಂತೆ."

ನನ್ನ ಬಾಯಿ ತೆರೆಯಿತು. ಪುಸ್ತಕದ ಸಹಿ ಕಣ್ಣಮುಂದೆ ಬಂತು. ಬಾಯಿ ಮುಚ್ಚಿತು.

ಎರಡನೇ ಬೆಳಿಗ್ಗೆ ರಕ್ತದ ವರದಿಯ ಮೊದಲ ಮಾತು ಬಂತು. ಒಂದು ಸೀಸೆಯಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಬೆಳೆಯುತ್ತಿದೆ. ಸೂಜಿ ಚುಚ್ಚುವಾಗ ಚರ್ಮದಿಂದ ಬಂದಿದ್ದಿರಬಹುದು, ಇನ್ನೊಮ್ಮೆ ರಕ್ತ ತೆಗೆದು ನೋಡೋಣ, ಅಲ್ಲಿವರೆಗೆ ಇದೇ ಔಷಧ ಇರಲಿ ಎಂದರು ಡಾಕ್ಟರಮ್ಮ. ನಾನು ತಲೆ ಎತ್ತಿ, ಹನಿಹನಿ ಇಳಿಯುತ್ತಿದ್ದ ಚೀಲದ ಮೇಲಿನ ಹೆಸರು ಓದಿದೆ. ವ್ಯಾಂಕೊಮೈಸಿನ್.

ಆ ಹೆಸರು ನನಗೆ ಹೊಸದಲ್ಲ. ನಮ್ಮ ಗಾಜಿನ ತಟ್ಟೆಗಳಿಗೆ ನಾನೇ ಅಳೆದು ಹಾಕುವ ಔಷಧ ಅದು. ಅದನ್ನು ಹಾಕಿದರೆ ಬೇರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಮ್ಮ ಮಂದಿ ಮಾತ್ರ ಹಾಯಾಗಿ ಬೆಳೆಯುತ್ತಾರೆ. ಹಾಕುವುದೇ ಅದಕ್ಕೆ.

ನಮ್ಮ ಮಂದಿಯೂ ಕಡ್ಡಿಯಾಕಾರದವರೇ. ಅಕ್ಕ ನನ್ನ ತಟ್ಟೆಯಾಗಿದ್ದಳು.

ಓಡಿಹೋಗಿ ಡಾಕ್ಟರಮ್ಮನನ್ನು ಕಾರಿಡಾರಿನಲ್ಲೇ ತಡೆದೆ. ಮಾತು ಹಿಂದುಮುಂದಾದರೂ ಎಲ್ಲ ಹೇಳಿದೆ: ಬಾಳೆಹಣ್ಣು, ಬೆಳ್ಳಿ ಪೊಟ್ಟಣ, ಇಪ್ಪತ್ತಾರು ದಿನ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಡಬ್ಬಿ ಮೇಲೆ ಬರೆದಿರುತ್ತಲ್ಲ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರೋರು ವೈದ್ಯರನ್ನ ಕೇಳದೆ ತಗೋಬಾರದು ಅಂತ?"

"ನಮ್ಮ ಕಪಾಟಿನ ಪೊಟ್ಟಣಕ್ಕೆ ಡಬ್ಬಿ ಇರಲ್ಲ ಮೇಡಂ." ನಾನು ಎಣಿಸಿದ ಪದಾರ್ಥದ ಡಬ್ಬಿಯನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ.

"ಆರೋಗ್ಯವಂತರಿಗೆ ಇವು ನೆಂಟರೇ. ಆದ್ರೆ ಕಾವಲೇ ಇಲ್ಲದ ಮನೇಲಿ ನೆಂಟರೂ ಅಪರೂಪಕ್ಕೆ ಹದ್ದುಮೀರ್ತಾರೆ. ಈಗಲೇ ಔಷಧ ಬದಲಾಯಿಸ್ತೀನಿ. ನೀವು ಹೋಗಿ ಒಂದು ಪೊಟ್ಟಣ, ಅದರಲ್ಲಿರೋ ಬ್ಯಾಕ್ಟೀರಿಯಾ ಯಾವ ತಳಿ ಅಂತ ಬರೆದಿರೋ ಕಾಗದ ಎರಡೂ ತನ್ನಿ."

ಬಾಗಿಲ ಬಳಿ ಭಾವ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಪೊಟ್ಟಣ ಮನೆಯಲ್ಲಿ ನಾಲ್ಕು ಉಳಿದಿದ್ದವು. ತಳಿಯ ಕಾಗದ ಇದ್ದದ್ದು ನಮ್ಮ ಮೇಲಧಿಕಾರಿಯ ಬೀರುವಿನಲ್ಲಿ. ಮಾತನ್ನು ತೂಕ ಮಾಡಿ ಆಡುತ್ತಾರೆಂದು ಎಲ್ಲರೂ ಅವರನ್ನು ಬೆನ್ನ ಹಿಂದೆ ತಕ್ಕಡಿ ಎನ್ನುತ್ತಿದ್ದರು. ನಿಂತೇ ಹೇಳಿದೆ. ಅವರು ಕಾಗದ ತೆಗೆದು ನನ್ನ ಕೈಗಿಟ್ಟರು.

"ಮೊದಲು ಇದನ್ನ ಮುಟ್ಟಿಸು. ಪುಸ್ತಕದ ವಿಚಾರ ಆಮೇಲೆ."

ಪೊಟ್ಟಣದ ಬ್ಯಾಕ್ಟೀರಿಯಾ, ಅಕ್ಕನ ರಕ್ತದ ಬ್ಯಾಕ್ಟೀರಿಯಾ ಒಂದೇ ಎಂದು ವರದಿ ಬಂತು. ಹೊಸ ಔಷಧಕ್ಕೆ ಮೂರನೇ ದಿನ ಜ್ವರ ಇಳಿಯಿತು. ಭಾವನ ಕಿಡ್ನಿ ಉಳಿಯಿತು.

ಅಕ್ಕ ದಿಂಬಿಗೊರಗಿ ಕೂತು ನನ್ನನ್ನೇ ನೋಡಿದಳು. "ಹಣ್ಣಲ್ಲಿ ಏನೋ ಪುಡಿ ಹಲ್ಲಿಗೆ ಸಿಗ್ತಿತ್ತು. ಏನೇ ಇದು ಅಂತ ಕೇಳಬೇಕು ಅಂದ್ಕೊಂಡಿದ್ದೆ."

"ಯಾಕೆ ಕೇಳಲಿಲ್ಲ?"

"ನೀನಲ್ವಾ ಕೊಡ್ತಿದ್ದಿದ್ದು."

ನಾನು ಕಿಟಕಿಯ ಕಡೆ ತಿರುಗಿದೆ. "ಅಳಬೇಡ ಮಾರಾಯ್ತಿ," ಎಂದಳು. "ಮುಂದೆ ಏನಾದ್ರೂ ಕೊಡಬೇಕು ಅನ್ನಿಸಿದ್ರೆ ಒಂದು ಸೀರೆ ಕೊಡು. ರಕ್ತಕ್ಕೆ ಇಳಿಯಲ್ಲ." ನಗಲು ಹೋಗಿ ಕೆಮ್ಮಿದಳು. ನೀರಿನ ಲೋಟಕ್ಕೆ ನಾನು ಕೈಚಾಚುವ ಮೊದಲೇ ಭಾವ ಅದನ್ನು ಎತ್ತಿಕೊಂಡ.

ಮರುದಿನ ಕಾರ್ಖಾನೆಗೆ ಹೋದೆ. ತಕ್ಕಡಿ ಪುಸ್ತಕವನ್ನು ನನ್ನ ಪುಟಕ್ಕೇ ತೆರೆದಿಟ್ಟಿದ್ದರು. "ಕೆಲಸದ ವಿಚಾರ ಮೇಲಿನವರು ತೀರ್ಮಾನ ಮಾಡ್ತಾರೆ. ಬರೆದಿದ್ದನ್ನ ನೀನೇ ಸರಿಮಾಡು. ತಪ್ಪಿಗೆ ಒಂದೇ ಗೆರೆ, ಕೆಳಗಿನ ಅಕ್ಷರ ಕಾಣಬೇಕು. ಗೊತ್ತಲ್ಲ?"

ಗೊತ್ತಿತ್ತು. ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳೇ ನಾನು.

'ನಾಶಪಡಿಸಲಾಗಿದೆ' ಎಂಬುದರ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: 'ಮೂವತ್ತನ್ನೂ ಮನೆಗೆ ಒಯ್ದೆ. ಇಪ್ಪತ್ತಾರನ್ನು ಅಕ್ಕನಿಗೆ ತಿನ್ನಿಸಿದೆ. ಅವಳಿಗೆ ಹೇಳಿರಲಿಲ್ಲ.' ಸಹಿ ಹಾಕಿದೆ. ಅಭ್ಯಾಸಬಲದಿಂದ ಇನ್ನೊಮ್ಮೆ ಓದಿ, ಸಂಖ್ಯೆ ಸರಿಯಿದೆಯೇ ಎಂದು ನೋಡಿದೆ. ಸರಿಯಿತ್ತು.